ಡಾಲ್ಫಿನ್‌ಗೆ ಹೊದಿಸುವ ಒದ್ದೆ ಬಟ್ಟೆ ಹಾರುವ ಕಪ್ಪೆಗೆ ಬೇಡ

ದಡಕ್ಕೆ ಬಿದ್ದ ಡಾಲ್ಫಿನ್‌ಗೆ ಒದ್ದೆ ಬಟ್ಟೆ ಹೊದಿಸಿ ನೀರು ಹೊಯ್ಯುತ್ತಾರಲ್ಲ, ತೋಟದಲ್ಲಿ ನೆಲಕ್ಕೆ ಬಿದ್ದ ಮಲಬಾರ್ ಹಾರುವ ಕಪ್ಪೆಗೂ (ಪಶ್ಚಿಮ ಘಟ್ಟದ ಮರಗಪ್ಪೆ) ಹಾಗೇ ಮಾಡಬಹುದಾ ಅಂತ ಕೇಳಿದ್ದೀರಿ. ಬೇಡ. ನೀರು ಎರಡಕ್ಕೂ ಬೇಕು, ಆದರೆ ಬೇರೆ ಬೇರೆ ಕೆಲಸಕ್ಕೆ.

ಡಾಲ್ಫಿನ್ ನಮ್ಮಂತೆ ಬಿಸಿರಕ್ತದ್ದು, ಉಸಿರಾಟವೆಲ್ಲ ಶ್ವಾಸಕೋಶದಲ್ಲೇ. ಚರ್ಮದಡಿ ದಪ್ಪ ಕೊಬ್ಬಿರುವುದರಿಂದ ಮರಳ ಮೇಲೆ ಒಳಗಿನ ಶಾಖ ಹೊರಬರದೆ ಮೈ ಕಾದುಹೋಗುತ್ತದೆ. ಬೆನ್ನಿನ ರೆಕ್ಕೆ, ಪಕ್ಕದ ರೆಕ್ಕೆ, ಬಾಲದ ಮೂಲಕ ಶಾಖ ಹೆಚ್ಚು ಹೋಗುವುದರಿಂದ ಅಲ್ಲಿಗೆ ಸಮುದ್ರದ ನೀರನ್ನೇ ಬಿಡದೆ ಹೊಯ್ಯಿರಿ. ನೆತ್ತಿಯ ಮೇಲಿನ ಉಸಿರಿನ ತೂತಿಗೆ ಮಾತ್ರ ಬಟ್ಟೆ, ನೀರು, ಮರಳು ಯಾವುದೂ ತಾಗಬಾರದು. ನೀರು ಒಳಗೆ ಹೋದರೆ ಶ್ವಾಸಕೋಶಕ್ಕೇ ಇಳಿಯುತ್ತದೆ. ಹೊಟ್ಟೆ ಕೆಳಗೆ ಬರುವಂತೆ ಇರಿಸಿ, ಪಕ್ಕದ ರೆಕ್ಕೆಗಳ ಅಡಿ ಮರಳಲ್ಲಿ ಗುಂಡಿ ತೋಡಿ. ಬಾಲ ಹಿಡಿದು ಎಳೆಯಬೇಡಿ, ಕೀಲು ತಪ್ಪುತ್ತದೆ. ನೆರಳು ಕಟ್ಟಿ, ಜನರನ್ನು ದೂರ ಇಡಿ, 112ಕ್ಕೂ ಅರಣ್ಯ ಇಲಾಖೆಗೂ ತಿಳಿಸಿ. ತಕ್ಷಣ ಕಡಲಿಗೆ ನೂಕುವುದೂ ತಪ್ಪು, ಸುಸ್ತಾದ ಪ್ರಾಣಿ ಮತ್ತೆ ದಡಕ್ಕೇ ಬರುತ್ತದೆ.

ಕಪ್ಪೆಯ ಮೈ ಸುತ್ತಲಿನ ಹವೆಯಂತೆ ಬಿಸಿ-ತಂಪು ಆಗುತ್ತದೆ. ನೀರು ಕುಡಿಯುವುದೇ ಚರ್ಮದಿಂದ, ಉಸಿರಾಟವೂ ಸ್ವಲ್ಪ ಚರ್ಮದಿಂದ. ಹಾಗಾಗಿ ಕೈಯಲ್ಲಿನ ಸಾಬೂನು, ಸೊಳ್ಳೆ ಕ್ರೀಮು, ಮೈಲುತುತ್ತು (ತಾಮ್ರದ ಸಲ್ಫೇಟ್) ಎಲ್ಲ ನೇರ ಮೈಗೆ ಇಳಿಯುತ್ತವೆ. ಮುಟ್ಟಲೇಬೇಕಾದರೆ ಬಾವಿ ನೀರಲ್ಲಿ ಕೈ ಚೆನ್ನಾಗಿ ತೊಳೆದು, ಒದ್ದೆ ಕೈಯಲ್ಲೇ ಮುಟ್ಟಿ. ಅದಕ್ಕಿಂತ ಒಳ್ಳೆಯದು, ಎದುರಿಗೆ ಎಲೆಯಿರುವ ರೆಂಬೆ ಹಿಡಿಯಿರಿ, ಬೆರಳಿನ ಅಂಟಿನಿಂದ ತಾನೇ ಹತ್ತುತ್ತದೆ. ನಲ್ಲಿಯ ಕ್ಲೋರಿನ್ ನೀರು ಸುರಿಯಬೇಡಿ.

ನಿಜವಾಗಿ ಗಮನ ಬೇಕಾಗಿರುವುದು ಗೂಡಿಗೆ. ಮಳೆಗಾಲದಲ್ಲಿ ನೀರಿನ ಮೇಲೆ ಬಾಗಿದ ಎಲೆಗಳ ನಡುವೆ ಬಿಳಿ ನೊರೆ ಮುದ್ದೆ ಕಟ್ಟಿ ಅದರೊಳಗೆ ಮೊಟ್ಟೆ ಇಡುತ್ತದೆ. ಮರಿಗಳು ಕೆಳಗಿನ ನೀರಿಗೆ ಉದುರುತ್ತವೆ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೊ (ಮೈಲುತುತ್ತು, ಸುಣ್ಣ ಬೆರೆಸಿದ ದ್ರಾವಣ) ಹೊಡೆಯುವ ಕಾಲವೂ ಅದೇ. 100 ಲೀಟರಿಗೆ 1 ಕಿಲೋ ಮೈಲುತುತ್ತು ಬಿದ್ದ ಡ್ರಮ್ಮಿನ ಮೇಲೆ ಗೂಡಿದ್ದರೆ ಮರಿಗಳು ನೇರ ವಿಷಕ್ಕೇ ಬೀಳುತ್ತವೆ, ತಾಮ್ರ ಅವನ್ನು ಬೇಗ ಕೊಲ್ಲುತ್ತದೆ. ಡ್ರಮ್ಮನ್ನು ಬೇರೆಡೆ ಸರಿಸಿ, ಆ ಜಾಗದಲ್ಲಿ ಮಳೆನೀರು ತುಂಬಿದ ಅಗಲ ಬಾನಿ ಇಡಿ. ಅದೂ ಆಗದಿದ್ದರೆ ಎಲೆ ಸಮೇತ ಕೊಂಬೆ ಕತ್ತರಿಸಿ, ಮೀನಿಲ್ಲದ ಹೊಂಡದ ಮೇಲೆ ನೆರಳಲ್ಲಿ ಅಷ್ಟೇ ಎತ್ತರಕ್ಕೆ ಕಟ್ಟಿ. ನೊರೆಯನ್ನು ನೀರಲ್ಲಿ ಅದ್ದಬೇಡಿ. ಬಾನಿಯಲ್ಲಿ ಬಿದಿರ ತುಂಡೊಂದನ್ನು ಓರೆಯಾಗಿ ನಿಲ್ಲಿಸಿ, ಕಾಲು ಮೂಡಿದ ಮರಿಗಳಿಗೆ ಹತ್ತಿ ಹೊರಗೆ ಬರಲು ಅದು ಬೇಕು.