ಎಳನೀರಿನ ಪ್ರಶ್ನೆ ಕೇಳಿದ ತಂಗಿಗೆ

ತಂಗಿ,

ನಿನ್ನ ಪತ್ರ ತಲುಪಿದಾಗ ನಾನು ಮಂಡ್ಯದಲ್ಲಿ, ತಾಯಿಯ ಮನೆಯಲ್ಲಿದ್ದೆ. ನೀನು ಅಮೆರಿಕದ ಓಹಾಯೋಗೆ ಹೋಗಿ ಐದು ತಿಂಗಳಾಯಿತು ಎಂದು ಬರೆದಿದ್ದೀಯೆ. ಇಪ್ಪತ್ತು ವರ್ಷಕ್ಕೂ ಮಿಕ್ಕಿ ಅಲ್ಲಿದ್ದು ಅಲ್ಲಿಯೇ ಡಾಕ್ಟರ್ ಆದ ನಾನು ಇಲ್ಲಿ ಕುಳಿತು ನಿನಗೆ ಉತ್ತರ ಬರೆಯುತ್ತಿದ್ದೇನೆ. ಕಿಟಕಿಯಾಚೆ ಕಬ್ಬು ತುಂಬಿದ ಟ್ರ್ಯಾಕ್ಟರುಗಳು ಸಾಲಾಗಿ ಹೋಗುತ್ತಿವೆ.

ನೀನು ಕೇಳಿರುವುದು ಮೂರು ಪ್ರಶ್ನೆ. ಅಲ್ಲಿನ ಬದುಕಿಗೆ ಹೇಗೆ ಹೊಂದಿಕೊಳ್ಳುವುದು? ಮೈಸೂರಿನಲ್ಲಿ ಡಯಾಲಿಸಿಸ್ ತಂತ್ರಜ್ಞಾನದ ಬಿ.ಎಸ್ಸಿ. ಮುಗಿಸಿ ಮೂರು ವರ್ಷ ಆ ಯಂತ್ರದ ಪಕ್ಕದಲ್ಲಿ ದುಡಿದವಳು ಇಪ್ಪತ್ತೇಳನೆಯ ವಯಸ್ಸಿನಲ್ಲಿ ಅಮೆರಿಕದಲ್ಲಿ ಡಾಕ್ಟರ್ ಆಗಲು ಹೊರಡಬಹುದೇ? ಹೊರಟರೆ ಈ ಕೆಲಸವನ್ನೂ ಪಾಂಡವಪುರದ ಬಳಿಯ ಅಪ್ಪನ ಆಲೆಮನೆಯನ್ನೂ ಅರ್ಜಿಯಲ್ಲಿ ಹೇಳಬೇಕೋ, ಮುಚ್ಚಿಡಬೇಕೋ?

ಮೊದಲು ವೀಸಾದ ಮಾತು, ಏಕೆಂದರೆ ಇದನ್ನು ಯಾರೂ ಸಮಯಕ್ಕೆ ಸರಿಯಾಗಿ ಹೇಳುವುದಿಲ್ಲ. ನೀನು ಎಚ್-4 ವೀಸಾದಲ್ಲಿ, ಅಂದರೆ ಕೆಲಸಕ್ಕೆಂದು ಹೋದವರ ಸಂಗಾತಿಗೆ ಕೊಡುವ ವೀಸಾದಲ್ಲಿದ್ದೀಯೆ. ಓದಲು ಅದು ಸಾಕು. ಆದರೆ ಅಲ್ಲಿನ ಬಹಳಷ್ಟು ವೈದ್ಯಕೀಯ ಕಾಲೇಜುಗಳು ಗ್ರೀನ್ ಕಾರ್ಡ್ ಇಲ್ಲದವರ ಅರ್ಜಿಯನ್ನು ಪರಿಗಣಿಸುವುದೇ ಇಲ್ಲ. ಪರಿಗಣಿಸುವ ಕೆಲವು ಕಾಲೇಜುಗಳು ಒಂದೆರಡು ವರ್ಷದ ಶುಲ್ಕವನ್ನು, ಕೆಲವೊಮ್ಮೆ ನಾಲ್ಕೂ ವರ್ಷದ್ದನ್ನು, ಮುಂಗಡವಾಗಿ ಠೇವಣಿ ಇಡಬೇಕೆನ್ನುತ್ತವೆ. ಅಮೆರಿಕದ ಕೇಂದ್ರ ಸರ್ಕಾರದ ಶಿಕ್ಷಣ ಸಾಲವೂ ಎಚ್-4ನವರಿಗೆ ಸಿಗುವುದಿಲ್ಲ. ಸಿಗುವವರಿಗೂ 2026ರ ಜುಲೈನಿಂದ ಹೊಸ ಸಾಲಕ್ಕೆ ವರ್ಷಕ್ಕೆ 50,000 ಡಾಲರ್, ಒಟ್ಟು 2,00,000 ಡಾಲರ್ ಎಂಬ ಮಿತಿ ಬಂದಿದೆ. ಅನೇಕ ಕಾಲೇಜುಗಳ ಖರ್ಚು ಅದನ್ನು ಮೀರುತ್ತದೆ. ನಿನ್ನ ಯಜಮಾನರ ಗ್ರೀನ್ ಕಾರ್ಡ್ ಕೊನೆಯ ಹಂತದಲ್ಲಿದೆ ಎಂದು ಬರೆದಿದ್ದೀಯೆ. ಹಾಗಿದ್ದರೆ ವೈದ್ಯಕೀಯ ಕಾಲೇಜಿಗೆ ಸೇರುವ ಮೊದಲು ಓದಿರಬೇಕಾದ ಪೂರ್ವಪಾಠಗಳನ್ನು ಈಗಲೇ ಆರಂಭಿಸು, ಅರ್ಜಿಯನ್ನು ಮಾತ್ರ ಕಾರ್ಡ್ ಕೈಗೆ ಬಂದ ಮೇಲೆ ಹಾಕು. ಈ ಮಾತನ್ನು ಇಬ್ಬರೂ ಕುಳಿತು, ಹಣದ ಲೆಕ್ಕ ಬರೆದು, ಚರ್ಚಿಸಿ. ಪ್ರೀತಿಯಿಂದ ಹೇಳುತ್ತಿದ್ದೇನೆ, ಇದನ್ನು ಮುಂದೂಡಬೇಡ.

ಪೂರ್ವಪಾಠ ಎಂದರೆ ಜೀವಶಾಸ್ತ್ರ, ಸಾಮಾನ್ಯ ರಸಾಯನಶಾಸ್ತ್ರ, ಸಾವಯವ ರಸಾಯನಶಾಸ್ತ್ರ, ಭೌತಶಾಸ್ತ್ರ, ಇವೆಲ್ಲ ಪ್ರಯೋಗಾಲಯ ಸಹಿತ. ಜೊತೆಗೆ ಜೀವರಸಾಯನಶಾಸ್ತ್ರ, ಇಂಗ್ಲಿಷ್. ಮೈಸೂರಿನಲ್ಲಿ ಪಡೆದ ಅಂಕಗಳನ್ನು ಅಲ್ಲಿನ ಕೇಂದ್ರೀಕೃತ ಅರ್ಜಿ ವ್ಯವಸ್ಥೆಯಾದ ಆಮ್ಕ್ಯಾಸ್ ತನ್ನ ಸರಾಸರಿ ಅಂಕದ ಲೆಕ್ಕಕ್ಕೆ ಸೇರಿಸುವುದಿಲ್ಲ. ಇದು ನಿನಗೆ ಅನ್ಯಾಯವೆನಿಸಬಹುದು, ನನಗೂ ಅನಿಸಿತ್ತು. ಆದರೂ ಮನೆಯ ಹತ್ತಿರದ ಕಮ್ಯುನಿಟಿ ಕಾಲೇಜಿನಲ್ಲಿ, ಅಂದರೆ ಎರಡು ವರ್ಷದ ಓದಿನ ಸ್ಥಳೀಯ ಕಾಲೇಜಿನಲ್ಲಿ, ಒಂದೆರಡು ವಿಷಯಗಳಿಂದ ತೊಡಗು, ಕಠಿಣವಾದವನ್ನು ಆಮೇಲೆ ವಿಶ್ವವಿದ್ಯಾಲಯದಲ್ಲಿ ಮಾಡು.

ವೈದ್ಯಕೀಯ ಕಾಲೇಜುಗಳ ಪ್ರವೇಶಕ್ಕೆ ಬರೆಯಬೇಕಾದ ಎಂಕ್ಯಾಟ್ ಪರೀಕ್ಷೆಗೆ ನಾಲ್ಕು ವಿಭಾಗ, ಪ್ರತಿಯೊಂದಕ್ಕೆ 118ರಿಂದ 132 ಅಂಕ, ಒಟ್ಟು 472ರಿಂದ 528. ಬೆಳಿಗ್ಗೆ ಕುಳಿತರೆ ಏಳುವುದು ಏಳೂವರೆ ಗಂಟೆಗಳ ನಂತರ. ವಿಜ್ಞಾನದ ಮೂರು ವಿಭಾಗಗಳನ್ನು ನೀನು ದುಡಿದು ಗೆಲ್ಲುತ್ತೀಯೆ. ಓದಿ ಅರ್ಥೈಸುವ ವಿಭಾಗವೇ ನಮ್ಮ ಕನ್ನಡ ಮಾಧ್ಯಮದವರನ್ನು ಕಾಡುವುದು: 90 ನಿಮಿಷ, 53 ಪ್ರಶ್ನೆ, ತತ್ವಶಾಸ್ತ್ರ, ಕಲೆ, ಸಮಾಜದ ಮೇಲಿನ ಒಣ ಬರಹಗಳು. ನಾನು ಮಾಡಿದ್ದನ್ನು ಹೇಳುತ್ತೇನೆ. ದಿನಕ್ಕೊಂದು ಇಂಗ್ಲಿಷ್ ಪ್ರಬಂಧ ಓದಿ, ಲೇಖಕರು ಹೇಳಿದ್ದೇನು, ಯಾಕೆ ಹೇಳಿದರು ಎಂದು ಗಟ್ಟಿಯಾಗಿ ಕನ್ನಡದಲ್ಲಿ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಕನ್ನಡದಲ್ಲಿ ಹೇಳಲು ಬಾರದ್ದು ನನಗೆ ಅರ್ಥವಾಗಿಲ್ಲ ಎಂದೇ ಲೆಕ್ಕ. ಎಂಟು ತಿಂಗಳಲ್ಲಿ ಫಲ ಸಿಕ್ಕಿತು.

ಅರ್ಜಿಯ ಬಾಗಿಲು ಮೇ ತಿಂಗಳ ಆರಂಭದಲ್ಲಿ ತೆರೆಯುತ್ತದೆ, ತಿಂಗಳ ಕೊನೆಯಿಂದ ಸಲ್ಲಿಸಬಹುದು. ಬಂದ ಅರ್ಜಿಗಳನ್ನು ಬಂದ ಕ್ರಮದಲ್ಲೇ ನೋಡುತ್ತ, ಸಂದರ್ಶನಕ್ಕೆ ಕರೆಯುತ್ತ ಹೋಗುವ ಕಾಲೇಜುಗಳೇ ಹೆಚ್ಚು. ನಾನು ಮೊದಲ ಸಲ ಸೆಪ್ಟೆಂಬರಿನಲ್ಲಿ ಸಲ್ಲಿಸಿದೆ. ಹದಿನಾಲ್ಕು ಕಾಲೇಜು, ಒಂದೂ ಸಂದರ್ಶನವಿಲ್ಲ. ಆ ಚಳಿಗಾಲವನ್ನು ನೆನೆದರೆ ಈಗಲೂ ಎದೆ ಭಾರವಾಗುತ್ತದೆ.

ತಡವಾದದ್ದು ಒಂದು ಕಾರಣ. ಇನ್ನೊಂದು ಕಾರಣವೇ ನಿನ್ನ ಮೂರನೆಯ ಪ್ರಶ್ನೆಗೆ ಉತ್ತರ. ನಾನು ಅಮೆರಿಕಕ್ಕೆ ಹೋಗುವ ಮೊದಲು ಮದ್ದೂರಿನಲ್ಲಿ ನಾಲ್ಕು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವಳು. ಅರ್ಜಿಗೆ ಸಲಹೆ ಕೊಟ್ಟ ಒಬ್ಬರು, ಇದು ವೈದ್ಯಕೀಯಕ್ಕೆ ಸಂಬಂಧವಿಲ್ಲದ್ದು, ಒಂದು ಸಾಲಿನಲ್ಲಿ ಮುಗಿಸಿ ಎಂದರು. ಮುಗಿಸಿದೆ. ಬದಲಿಗೆ ಬಾಲ್ಯದಿಂದ ಡಾಕ್ಟರ್ ಆಗುವ ಕನಸಿತ್ತು ಎಂದು ಒಂದು ಪುಟ ಬರೆದೆ. ಅದು ಸುಳ್ಳಲ್ಲ, ಆದರೆ ಅದರಲ್ಲಿ ನಾನು ಇರಲಿಲ್ಲ. ಮರುವರ್ಷ ಮೇಷ್ಟರಿಕೆಯನ್ನೇ ಬರೆದೆ. ಭಿನ್ನರಾಶಿ ಅರ್ಥವಾಗದ ಹುಡುಗನೊಬ್ಬ, ತನ್ನ ಮನೆಯ ಹಾಲನ್ನು ಡೈರಿಗೆ ಅಳೆದು ಕೊಡುವ ಲೆಕ್ಕವನ್ನು ಮಾತ್ರ ಬಾಯಲ್ಲೇ ತಪ್ಪಿಲ್ಲದೆ ಮಾಡುತ್ತಿದ್ದ. ಅವನಿಂದ ನಾನು ಕಲಿತದ್ದು, ಎದುರಿಗಿರುವವರಿಗೆ ಈಗಾಗಲೇ ಗೊತ್ತಿರುವುದರಿಂದ ಮಾತು ಆರಂಭಿಸಬೇಕು ಎಂಬುದು. ಇಂದಿಗೂ ಸಕ್ಕರೆ ಕಾಯಿಲೆಯವರಿಗೆ ಇನ್ಸುಲಿನ್ ಪ್ರಮಾಣ ವಿವರಿಸುವಾಗ ನಾನು ಹಾಗೆಯೇ ಮಾಡುತ್ತೇನೆ. ಆ ವರ್ಷ ನಾಲ್ಕು ಸಂದರ್ಶನ ಬಂದವು.

ಆದ್ದರಿಂದ ಮುಚ್ಚಿಡಬೇಡ. ಆದರೆ ಇಲ್ಲೇ ಇನ್ನೊಂದು ಗುಂಡಿಯಿದೆ, ಅದಕ್ಕೆ ನಾನೇ ಒಬ್ಬಳನ್ನು ತಳ್ಳಿದ್ದೇನೆ. ಹನ್ನೆರಡು ವರ್ಷಗಳಿಂದ, ವರ್ಷಕ್ಕೆ ಮೂರ್ನಾಲ್ಕು ಜನರಂತೆ, ಬಳಸು ದಾರಿಯಿಂದ ಬಂದವರ ಅರ್ಜಿಗಳಿಗೆ ಜೊತೆ ನಿಲ್ಲುತ್ತಿದ್ದೇನೆ. ಆರಂಭದ ವರ್ಷಗಳಲ್ಲಿ, ಹೋಟೆಲಿನಲ್ಲಿ ಪಾತ್ರೆ ತೊಳೆಯುತ್ತ ಓದಿದ ಹುಡುಗಿಯೊಬ್ಬಳು ಬಂದಳು. ಅವಳ ಕಷ್ಟ ಕೇಳಿ ನನಗೆ ಕಣ್ಣೀರು ಬಂತು. ಅರ್ಜಿಯ ಪ್ರಬಂಧದ ತುಂಬ ಆ ಕಷ್ಟವನ್ನೇ ಬರೆಸಿದೆ. ಓದಿದವರಿಗೆ ಅವಳ ಮೇಲೆ ಮರುಕ ಹುಟ್ಟುತ್ತಿತ್ತು. ಅವಳು ಏನು ಮಾಡಬಲ್ಲಳು ಎಂಬುದು ಮಾತ್ರ ತಿಳಿಯುತ್ತಿರಲಿಲ್ಲ. ಸಂದರ್ಶನದಲ್ಲಿ, ಆ ಅಡುಗೆಮನೆಯಲ್ಲಿ ಯಾರಿಗಾದರೂ ಗಾಯವಾದಾಗ ನೀವೇನು ಮಾಡಿದಿರಿ ಎಂದು ಕೇಳಿದರಂತೆ. ಅವಳಲ್ಲಿ ಒಳ್ಳೆಯ ಉತ್ತರವಿತ್ತು. ಆದರೆ ನಾನು ಅವಳನ್ನು ದುಃಖ ಹೇಳಲು ತಯಾರು ಮಾಡಿದ್ದೆ, ಕೆಲಸ ಹೇಳಲು ಮಾಡಿರಲಿಲ್ಲ. ಆ ವರ್ಷ ಅವಳಿಗೆ ಸೀಟು ಸಿಗಲಿಲ್ಲ. ಎರಡು ವರ್ಷದ ನಂತರ, ತಾನೇ ಬರೆದ ಪ್ರಬಂಧದಿಂದ, ಸಿಕ್ಕಿತು. ಅಂದಿನಿಂದ ನಾನು ಯಾರ ವಾಕ್ಯವನ್ನೂ ತಿದ್ದುವುದಿಲ್ಲ. ಪ್ರಶ್ನೆ ಮಾತ್ರ ಕೇಳುತ್ತೇನೆ.

ನಿನ್ನ ಪತ್ರದಲ್ಲಿ ಎರಡು ಸಾಲು, ಅದೂ ಕ್ಷಮೆ ಕೇಳಿಕೊಂಡು ಬರೆದದ್ದು, ನನ್ನನ್ನು ಎಬ್ಬಿಸಿ ಕೂರಿಸಿತು. ಸೋಮವಾರ ಸೋಮವಾರ ರಕ್ತದಲ್ಲಿ ಪೊಟ್ಯಾಸಿಯಂ ಏರಿಸಿಕೊಂಡು ಡಯಾಲಿಸಿಸ್‌ಗೆ ಬರುತ್ತಿದ್ದ ಒಬ್ಬ ರೈತರು. ಮಾತ್ರೆ ನುಂಗಿದಿರಾ ಎಂದು ಎಲ್ಲರೂ ಕೇಳಿದರು. ನೀನು, ನಿನ್ನೆ ಏನು ಕುಡಿದಿರಿ ಎಂದು ಕೇಳಿದೆ. ಮೈ ಕಾವೇರಿದೆ ಎಂದು ತಮ್ಮ ತೋಟದ ಎಳನೀರನ್ನೇ ದಿನಕ್ಕೆರಡು ಕುಡಿಯುತ್ತಿದ್ದರು. ನಮ್ಮ ಸೀಮೆಯಲ್ಲಿ ಕಾಯಿಲೆಯವರನ್ನು ನೋಡಲು ಹೋಗುವವರು ಎಳನೀರು ಹಿಡಿದೇ ಹೋಗುತ್ತಾರೆ. ಮೂತ್ರಪಿಂಡ ಸೋತವರಿಗೆ ಅದರ ಪೊಟ್ಯಾಸಿಯಂ ಹೃದಯವನ್ನೇ ನಿಲ್ಲಿಸಬಲ್ಲದು. ನೀನು ಡಾಕ್ಟರಿಗೆ ಹೇಳಿದೆ, ಅಷ್ಟಕ್ಕೇ ಬಿಡದೆ ಅವರ ಹೆಂಡತಿಯನ್ನು ಕೂರಿಸಿಕೊಂಡು, ಎಳನೀರು ಕೆಟ್ಟದ್ದಲ್ಲ, ಇವರಿಗೆ ಮಾತ್ರ ಆಗದು ಎಂದು ವಿವರಿಸಿದೆ. ತಂಗಿ, ಇದನ್ನು ನೀನು ಮುಚ್ಚಿಡಲು ಹೊರಟಿದ್ದೆಯಲ್ಲ!

ಪ್ರಬಂಧಕ್ಕೆ ಇರುವುದು 5,300 ಅಕ್ಷರಗಳ ಜಾಗ, ಬಿಟ್ಟ ಸ್ಥಳವೂ ಸೇರಿ. ಚಟುವಟಿಕೆಗಳ ಪಟ್ಟಿಯಲ್ಲಿ ಹದಿನೈದು ಮನೆ, ಒಂದೊಂದಕ್ಕೆ 700 ಅಕ್ಷರ. ಅವುಗಳಲ್ಲಿ ಮೂರನ್ನು ಅತಿ ಮುಖ್ಯವೆಂದು ಆರಿಸಿ ಇನ್ನೂ 1,325 ಅಕ್ಷರ ಬರೆಯಬಹುದು. ಹದಿನೈದನ್ನೂ ತುಂಬಲೇಬೇಕೆಂದಿಲ್ಲ. ಎಳನೀರಿನ ಆ ದಿನವನ್ನು ಮೊದಲು ಕನ್ನಡದಲ್ಲಿ ಬರೆ, ನೀನು ಕಂಡದ್ದು, ಕೇಳಿದ್ದು, ಮಾಡಿದ್ದು, ಹಾಗೆಯೇ ಹೆದರಿದ್ದು. ರೋಗಿಯ ಹೆಸರು, ಊರು, ಗುರುತು ಹತ್ತಿಸುವ ಯಾವುದೂ ಬೇಡ. ಆಲೆಮನೆಯನ್ನು ಬಣ್ಣಕ್ಕಾಗಿ ತರಬೇಡ, ಅಲ್ಲಿಂದ ನೀನು ಕಲಿತದ್ದಿದ್ದರೆ ಮಾತ್ರ ತಾ.

ಅಲ್ಲಿನ ಆಸ್ಪತ್ರೆಯ ಅನುಭವವೂ ಬೇಕು. ಇಲ್ಲಿಯ ಹಾಗೆ ಪರಿಚಯದ ಡಾಕ್ಟರ ಹಿಂದೆ ವಾರ್ಡಿಗೆ ನುಗ್ಗುವಂತಿಲ್ಲ. ಅನುಮತಿ, ಲಸಿಕೆಯ ದಾಖಲೆ, ಗೋಪ್ಯತೆಯ ತರಬೇತಿ ಎಲ್ಲವೂ ಆಗಬೇಕು. ಕೆಲಸದ ಪರವಾನಗಿ ಬರುವವರೆಗೆ, ಸಾಮಾನ್ಯವಾಗಿ ಸಂಬಳಕ್ಕೆ ಮಾಡಿಸುವ ಕೆಲಸವನ್ನು ಬಿಟ್ಟಿ ಮಾಡುವುದೂ ಎಚ್-4ನವರಿಗೆ ತೊಂದರೆ ತರಬಹುದು. ಆಸ್ಪತ್ರೆಯ ಸ್ವಯಂಸೇವಕರ ವಿಭಾಗದ ಮೂಲಕವೇ ಹೋಗು.

ವಯಸ್ಸಿನ ಲೆಕ್ಕ ಹೀಗಿದೆ. ಎಲ್ಲವೂ ಕೂಡಿಬಂದರೆ ಪೂರ್ವಪಾಠ ಎರಡು ವರ್ಷ, ಅರ್ಜಿ ಒಂದು, ಕಾಲೇಜು ನಾಲ್ಕು, ಕುಟುಂಬ ವೈದ್ಯಕೀಯದ ತರಬೇತಿ ಮೂರು. ಮೂವತ್ತೇಳು. ಮೂತ್ರಪಿಂಡದ ತಜ್ಞೆಯಾಗಬೇಕೆಂದರೆ ಮೂವತ್ತೊಂಬತ್ತು. ಯುಗಾದಿಗೆ ಕನ್ನಡ ಸಂಘಕ್ಕೆ ಹೋದಾಗ, ಇನ್ನೂ ಓದುತ್ತಿದ್ದೀಯಾ ಎಂದು ಕೇಳುವವರಿರುತ್ತಾರೆ. ಹೌದು ಎಂದು ಹೇಳಿ ಕೋಸಂಬರಿ ಹಾಕಿಸಿಕೊ. ಮಕ್ಕಳು ಯಾವಾಗ ಎಂಬುದನ್ನು ನೀವಿಬ್ಬರೇ ನಿರ್ಧರಿಸಿ. ನನಗೆ ಮಗಳು ಹುಟ್ಟಿದ್ದು ಎರಡನೆಯ ವರ್ಷದ ಪರೀಕ್ಷೆಗಳ ನಡುವೆ, ಅಮ್ಮ ಮಂಡ್ಯದಿಂದ ಬಂದು ಆರು ತಿಂಗಳು ನಿಂತರು.

ಬದುಕಿನ ಬಗ್ಗೆ ಒಂದೇ ಮಾತು. ನವೆಂಬರಿನಲ್ಲಿ ಐದೂವರೆಗೆಲ್ಲ ಕತ್ತಲಾಗುತ್ತದೆ, ಮನೆಯೊಳಗೆ ಒಬ್ಬಳೇ ಕುಳಿತರೆ ಮನಸ್ಸು ಕುಗ್ಗುತ್ತದೆ. ಕಾರು ಓಡಿಸುವುದನ್ನು ಈಗಲೇ ಕಲಿ.

ಭಾನುವಾರ ನಿನ್ನ ಊರಿಗೆ ಹೋಗಿದ್ದೆ. ನಿನ್ನ ತಂದೆ ಕೊಪ್ಪರಿಗೆಯ ಮುಂದೆ ನಿಂತಿದ್ದರು. ಪಾಕವನ್ನು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ ನೋಡಿ, ಇನ್ನೂ ಎರಡು ನಿಮಿಷ ಎಂದರು. ನಿಮಗೆ ಹೇಗೆ ತಿಳಿಯುತ್ತದೆ ಎಂದು ಕೇಳಿದೆ. ಮಗಳನ್ನು ಕೇಳಿ, ಹತ್ತು ವರ್ಷದವಳಿದ್ದಾಗಲೇ ನನಗಿಂತ ಚೆನ್ನಾಗಿ ಹೇಳುತ್ತಿದ್ದಳು ಎಂದರು. ಇದನ್ನು ನೀನು ನನಗೆ ಬರೆದಿರಲಿಲ್ಲ.

ಅಚ್ಚು ಬೆಲ್ಲ ಎರಡು ಕಟ್ಟಿ ಕೊಟ್ಟಿದ್ದಾರೆ, ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ. ಇಪ್ಪತ್ತನೆಯ ತಾರೀಖು ಹಿಂದಿರುಗುತ್ತೇನೆ. ಅಷ್ಟರೊಳಗೆ ನಿನ್ನ ಅಂಕಪಟ್ಟಿಗಳ ಪ್ರತಿ, ಹತ್ತಿರದ ಕಮ್ಯುನಿಟಿ ಕಾಲೇಜಿನ ಪಾಠಗಳ ಪಟ್ಟಿ, ಎಳನೀರಿನ ದಿನದ ಬಗ್ಗೆ ಕನ್ನಡದಲ್ಲಿ ಎರಡು ಪುಟ, ಇಷ್ಟನ್ನು ಸಿದ್ಧವಾಗಿಡು. ಶನಿವಾರ ನಿನ್ನ ಮನೆಗೇ ಬರುತ್ತೇನೆ.

ನಿನ್ನ ಅಕ್ಕ