ಕಡಲ ಪಕ್ಕದಲ್ಲೇ ಇದ್ದು ಅಯೋಡಿನ್ ಕೊರತೆಯೇ?

ಮಲ್ಪೆಯ ಓದುಗರೊಬ್ಬರ ಪತ್ರ: ಆರನೇ ಕ್ಲಾಸಿನ ಮಗಳಿಗೆ ಶಾಲೆಯ ತಪಾಸಣೆಯಲ್ಲಿ ‘ಥೈರಾಯ್ಡ್ ದಪ್ಪವಾಗಿದೆ, ಗ್ರೇಡ್ 1, ಅಯೋಡಿನ್ ಕೊರತೆ ಇರಬಹುದು’ ಎಂದು ಚೀಟಿ ಕೊಟ್ಟಿದ್ದಾರೆ. ನಮ್ಮಲ್ಲಿ ಮೀನಿಲ್ಲದೆ ಊಟವಿಲ್ಲ. ಒಣಮೀನಿಗೆ ತರುವ ಕಲ್ಲುಪ್ಪನ್ನೇ ಅಡುಗೆಗೂ ಹಾಕುತ್ತೇವೆ. ಅದೂ ಸಮುದ್ರದ್ದೇ ಅಲ್ವಾ ಎನ್ನುತ್ತಾರೆ ಅತ್ತೆ. ಮತ್ತೆ ಕೊರತೆ ಹೇಗೆ?

ಸಂಪಾದಕರ ಉತ್ತರ:

ಮೊದಲು ಗಾಬರಿ ಬಿಡಿ. ಗ್ರೇಡ್ 1 ಅಂದರೆ ಕತ್ತಿನ ಮುಂಭಾಗದಲ್ಲಿರುವ ಥೈರಾಯ್ಡ್ ಗ್ರಂಥಿ ಮುಟ್ಟಿದರೆ ಕೈಗೆ ಸಿಗುತ್ತದೆ, ಕತ್ತು ನೇರ ಇಟ್ಟಾಗ ಕಣ್ಣಿಗೆ ಕಾಣುವುದಿಲ್ಲ. ಎದ್ದು ಕಾಣುವ ಗಳಗಂಡ ಗ್ರೇಡ್ 2.

ಅತ್ತೆಯವರ ಮಾತು ತೀರಾ ತಪ್ಪಲ್ಲ. ಕಡಲ ನೀರಿನಲ್ಲಿ ಅಯೋಡಿನ್ ಇದೆ, ಆದರೆ ತುಂಬಾ ಕಡಿಮೆ. ನೀರು ಒಣಗಿ ಹರಳಾದ ಉಪ್ಪಿನಲ್ಲಿ ಉಳಿಯುವುದೂ ಲೆಕ್ಕಕ್ಕೆ ಸಿಗದಷ್ಟು. ಅದಕ್ಕೇ ಉಪ್ಪಿಗೆ ಪೊಟ್ಯಾಸಿಯಂ ಅಯೋಡೇಟ್ ಬೆರೆಸುತ್ತಾರೆ. ಮನೆಗೆ ಬರುವ ಹೊತ್ತಿಗೆ ಕನಿಷ್ಠ 15 ಪಿಪಿಎಂ, ಅಂದರೆ ಕಿಲೋ ಉಪ್ಪಿಗೆ 15 ಮಿಲಿಗ್ರಾಂ, ಅಯೋಡಿನ್ ಇರಬೇಕೆಂದು ನಿಯಮ. ಬೆರೆಸದ ಉಪ್ಪನ್ನು ಊಟಕ್ಕೆಂದು ಮಾರುವುದಕ್ಕೆ 2006ರಿಂದ ದೇಶದಲ್ಲೆಲ್ಲ ನಿಷೇಧವಿದೆ. ಮೀನು ಕೆಡದಂತೆ ಇಡುವಂಥ ಕೆಲಸದ ಉಪ್ಪಿಗೆ ವಿನಾಯಿತಿ ಉಂಟು. ನಿಮ್ಮ ಅಡುಗೆಮನೆಗೆ ಬಂದಿರುವುದು ಆ ಚೀಲವೇ!

ಮೀನಿನಿಂದ ಅಯೋಡಿನ್ ಸಿಗುತ್ತದೆ, ನಿಜ. ಆದರೆ ಎಲ್ಲ ಮೀನಿನಲ್ಲೂ ಒಂದೇ ಅಳತೆಯಲ್ಲಿಲ್ಲ. ಜೂನ್, ಜುಲೈಯಲ್ಲಿ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವುದಿಲ್ಲ, ಆಗ ಮೀನಿಗೇ ತತ್ವಾರ. ಮಕ್ಕಳು ಒಂದು ಬೂತಾಯಿ ಮುಗಿಸುವುದೇ ಕಷ್ಟ. ಆರರಿಂದ ಹನ್ನೆರಡರ ಮಗುವಿಗೆ ದಿನಕ್ಕೆ 120 ಮೈಕ್ರೋಗ್ರಾಂ ಬೇಕು. ತರಕಾರಿಯನ್ನು ನಂಬೋಣವೆಂದರೆ, ನಮ್ಮ ಮಳೆ ಮಣ್ಣಿನ ಅಯೋಡಿನನ್ನೂ ತೊಳೆದುಬಿಡುತ್ತದೆ.

ಕಲ್ಲುಪ್ಪೇ ಇಷ್ಟವಾದರೆ ಅಯೋಡಿನ್ ಸೇರಿಸಿದ ಹರಳುಪ್ಪಿನ ಪ್ಯಾಕೆಟ್ ಸಿಗುತ್ತದೆ. ಮುಚ್ಚಳವಿರುವ ಡಬ್ಬಿಯಲ್ಲಿಡಿ, ಒಲೆ ಪಕ್ಕ ಬೇಡ. ಮಳೆಗಾಲದ ತೇವಕ್ಕೆ ಅಯೋಡಿನ್ ಇಳಿಯುತ್ತದೆ. ಸಾರು ಇಳಿಸುವ ಮೊದಲು ಉಪ್ಪು ಹಾಕಿದರೆ ಒಳ್ಳೆಯದು. ಉಪ್ಪು ಬದಲಾದರೆ ಸಾಕು, ಜಾಸ್ತಿ ಆಗುವುದು ಬೇಡ. ಆಶಾ ಕಾರ್ಯಕರ್ತೆಯ ಹತ್ತಿರ ಪರೀಕ್ಷೆಯ ಕಿಟ್ ಇದ್ದರೆ ಈಗಿನ ಉಪ್ಪಿಗೆ ಒಂದು ಹನಿ ಹಾಕಿಸಿ, ಅಯೋಡಿನ್ ಇದ್ದರೆ ನೀಲಿಯಾಗುತ್ತದೆ. ಅತ್ತೆಯವರೂ ಎದುರಿಗಿರಲಿ.

ಆದರೆ ಉಪ್ಪು ಬದಲಿಸಿ ಸುಮ್ನೆ ಕೂರಬೇಡಿ. ಈ ವಯಸ್ಸಿನ ಹೆಣ್ಣುಮಕ್ಕಳಲ್ಲಿ ದೇಹದ ರೋಗನಿರೋಧಕ ಶಕ್ತಿಯೇ ಥೈರಾಯ್ಡ್ ಮೇಲೆ ತಿರುಗಿಬಿದ್ದು ಗ್ರಂಥಿ ಊದುವುದೂ ಉಂಟು. ಹಾಗಿದ್ದರೆ ಹೆಚ್ಚುವರಿ ಅಯೋಡಿನ್‌ನಿಂದ ಕೆಡುಕೇ ಆದೀತು. ಅಂಗಡಿಯ ಅಯೋಡಿನ್ ಹನಿ, ಮಾತ್ರೆ ನೀವಾಗಿಯೇ ಕೊಡಬೇಡಿ. ಡಾಕ್ಟರ ಹತ್ತಿರ ಹೋಗಿ ಥೈರಾಯ್ಡ್ ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ತಿಳಿಸುವ ಟಿಎಸ್‌ಎಚ್ ರಕ್ತಪರೀಕ್ಷೆ ಮಾಡಿಸಿ. ಕೊರತೆಯೇ ಕಾರಣವಾಗಿದ್ದರೂ ಗ್ರಂಥಿ ಇಳಿಯಲು ತಿಂಗಳುಗಳೇ ಹಿಡಿಯುತ್ತವೆ. ದಿನಾ ಕತ್ತು ಮುಟ್ಟಿ ನೋಡಿ ಮಗುವನ್ನು ಹೆದರಿಸಬೇಡಿ.