ಮನುಷ್ಯರು ಹೋಗೋದು ಮೂರೇ ಜಾಗದಿಂದ ಯಾಕೆ?

ಪ್ರಶ್ನೆ: ಎಷ್ಟೊಂದು ದೇಶದಲ್ಲಿ ರಾಕೆಟ್ ಉಡಾಯಿಸ್ತಾರೆ, ಆದ್ರೆ ಗಗನಯಾತ್ರಿಗಳು ಹೊರಡೋದು ಯಾವಾಗ್ಲೂ ಅದೇ ಎರಡು ಮೂರು ಕಡೆಯಿಂದ. ಯಾಕೆ ಸಾರ್?

ಉತ್ತರ: ಸರಿಯಾಗಿ ಗಮನಿಸಿದ್ದೀರಿ. ಕಕ್ಷೆಗೆ ಜನ ಹೋಗಿರೋದು ಕಜಕಸ್ತಾನದ ಬೈಕನೂರು, ಅಮೆರಿಕದ ಫ್ಲೋರಿಡಾ ಕರಾವಳಿ, ಚೀನಾದ ಜಿಯುಕ್ವಾನ್, ಇಷ್ಟೇ. ಭೂಮಧ್ಯರೇಖೆ ಹತ್ರ ಇದ್ರೆ ಭೂಮಿ ತಿರುಗೋ ವೇಗ ಪುಕ್ಕಟೆ ಸಿಗುತ್ತೆ ಅಂತ ಓದಿರ್ತೀರಿ. ಆ ಲೆಕ್ಕದಲ್ಲಿ ಸುಮಾರು 5 ಡಿಗ್ರಿ ಅಕ್ಷಾಂಶದಲ್ಲಿರೋ ಫ್ರೆಂಚ್ ಗಯಾನಾದ ಕೂರೂ ಎಲ್ಲಕ್ಕಿಂತ ಬೆಸ್ಟ್, 2011ರಿಂದ ಕೆಲವು ವರ್ಷ ಅಲ್ಲಿಂದ, ಬೈಕನೂರಲ್ಲಿ ಜನರನ್ನ ಒಯ್ಯೋ ರಷ್ಯಾದ ಸೋಯುಜ್ ರಾಕೆಟ್ಟೇ ಹಾರಿದೆ, ಆದ್ರೂ ಒಬ್ಬರೂ ಹೋಗಿಲ್ಲ. ಬೈಕನೂರು ಇರೋದು 46 ಡಿಗ್ರಿ ಹತ್ರ!

ಒಳಗೆ ಜನ ಕೂತಮೇಲೆ ಮೊದಲು ಕೇಳೋದು, ರಾಕೆಟ್ ಕೈಕೊಟ್ರೆ ಇವರು ಎಲ್ಲಿ ಬೀಳ್ತಾರೆ ಅಂತ. 2018ರ ಅಕ್ಟೋಬರ್ 11ಕ್ಕೆ ಬೈಕನೂರಿಂದ ಸೋಯುಜ್ ಹೊರಟು ಎರಡು ನಿಮಿಷದಲ್ಲಿ ಕೆಟ್ಟಾಗ ಗಗನಯಾತ್ರಿಗಳಾದ ಅಲೆಕ್ಸಿ ಒವ್‌ಚಿನಿನ್, ನಿಕ್ ಹೇಗ್ ಇದ್ದ ಕ್ಯಾಪ್ಸೂಲ್ ಕಳಚಿಕೊಂಡು ಝೆಜ್‌ಕಜ್‌ಗಾನ್ ಊರಿನ ಹತ್ರದ ಬಯಲಲ್ಲಿ ಇಳೀತು, ಇಬ್ಬರೂ ಕ್ಷೇಮ. ಸೋಯುಜ್‌ನದು ನೆಲಕ್ಕಿಳಿಯೋ ಕ್ಯಾಪ್ಸೂಲ್, ಅದಕ್ಕೆ ಅಂಥ ಬಯಲೇ ವಾಸಿ, ಕೂರೂ ಮುಂದೆ ಇರೋದು ಅಟ್ಲಾಂಟಿಕ್. ಫ್ಲೋರಿಡಾದಿಂದ ಹೋಗೋ ಡ್ರ್ಯಾಗನ್ ಕ್ಯಾಪ್ಸೂಲ್ ನೀರಿಗಿಳಿಯೋದು, ಆದ್ರೆ ಅದಕ್ಕೂ ಲಾಂಚ್ ಪ್ಯಾಡ್ ಮೇಲೆ ಬಿಸಿಲು ಕಾಯ್ತಿದ್ರೂ ದಾರಿಯುದ್ದದ ಸಮುದ್ರದಲ್ಲಿ ಅಲೆ ಜೋರಿದ್ರೆ ಪ್ರಯಾಣ ಮುಂದಕ್ಕೆ.

ಇನ್ನು ಪ್ಯಾಡ್. ಫ್ಲೋರಿಡಾದ ಕೇಪ್ ಕೆನವೆರಲ್‌ನ 40ನೇ ಪ್ಯಾಡಿಂದ 2010ರಿಂದಲೇ ಡ್ರ್ಯಾಗನ್ ಒಯ್ಯೋ ಫಾಲ್ಕನ್-9 ರಾಕೆಟ್ ಹಾರ್ತಿತ್ತು, ಸರಕು ಉಪಗ್ರಹ ಎಲ್ಲ ಹೋಗ್ತಿತ್ತು, ಜನ ಮಾತ್ರ ಹೋಗಿದ್ದು 2024ರ ಸೆಪ್ಟೆಂಬರಲ್ಲಿ, ಅದೂ ಗೋಪುರ ಕಟ್ಟಿ, ಕ್ಯಾಪ್ಸೂಲ್ ಬಾಗಿಲ ತನಕ ನಡೆದು ಹೋಗೋಕೆ ಸೇತುವೆ ಥರದ ತೋಳು ಕೂರಿಸಿ, ಬೆಂಕಿ ಬಿದ್ರೆ ಸರ್ರಂತ ಕೆಳಗೆ ಜಾರೋಕೆ ಉದ್ದನೆ ಜಾರುಬಂಡೆ ಹಾಕಿದ ಮೇಲೆ. ದುಡ್ಡು ಸುರಿಯೋದು ಇಲ್ಲೇ ನೋಡಿ.

ಪ್ರಶ್ನೆ: ಹಾಗಾದ್ರೆ ಶ್ರೀಹರಿಕೋಟ?

ಉತ್ತರ: 1984ರಲ್ಲಿ ರಾಕೇಶ್ ಶರ್ಮಾ ಹೋಗಿದ್ದು ಬೈಕನೂರಿಂದ, 2025ರಲ್ಲಿ ಶುಭಾಂಶು ಶುಕ್ಲಾ ಫ್ಲೋರಿಡಾದ 39ಎ ಪ್ಯಾಡಿಂದ. ಇಲ್ಲಿಂದಲೇ ಜನರನ್ನ ಕಳಿಸೋ ನಮ್ಮ ಗಗನಯಾನ ಯೋಜನೆಗೆ ಶ್ರೀಹರಿಕೋಟದ ಎರಡನೇ ಪ್ಯಾಡನ್ನೇ ಮಾರ್ಪಾಡು ಮಾಡ್ತಿದ್ದಾರೆ. ಅಲ್ಲೂ ಶುರು ಮಾಡಿದ್ದು ತಪ್ಪಿಸಿಕೊಳ್ಳೋ ದಾರಿಯಿಂದಲೇ: 2023ರ ಅಕ್ಟೋಬರ್ 21ಕ್ಕೆ ಖಾಲಿ ಕ್ಯಾಪ್ಸೂಲನ್ನ ಹಾರೋ ರಾಕೆಟ್ಟಿಂದ ಬೇರ್ಪಡಿಸಿ ಪ್ಯಾರಾಚೂಟಲ್ಲಿ ಬಂಗಾಳಕೊಲ್ಲಿಗೆ ಇಳಿಸಿದ್ರು, ನೌಕಾಪಡೆಯವರು ಎತ್ಕೊಂಡು ಬಂದ್ರು.